ಚೀನೀ ಮಾತಾಡುವವರು ಇಂಗ್ಲಿಷಿನ ‘ಇನಾರ್ಡಿನೇಟ್’ ಪದವನ್ನು ಎಲ್ಲಿ ಬಳಸಬೇಕು?

‘ಇನಾರ್ಡಿನೇಟ್’ ಅಂದರೆ ಮಿತಿ ಮೀರಿದ. ಅದಕ್ಕೆ ಹತ್ತಿರದ ಚೀನೀ ಪದ ‘ಗುವೊಫೆನ್’, ಅಂದರೆ ಅತಿಯಾಯಿತು ಅಂತ. ಅದನ್ನು ಮನುಷ್ಯರಿಗೂ ನೇರವಾಗಿ ಹೇಳಬಹುದು: ‘ನೀ ಥಾಯ್ ಗುವೊಫೆನ್ ಲ’, ನಿಂದು ಅತಿಯಾಯ್ತು. ಎಡವುವುದು ಇಲ್ಲೇ. ಅದೇ ಲೆಕ್ಕದಲ್ಲಿ ‘ಯು ಆರ್ ಇನಾರ್ಡಿನೇಟ್’ ಅಂದರೆ ಇಂಗ್ಲಿಷಿನವರಿಗೆ ವಿಚಿತ್ರ ಅನಿಸುತ್ತದೆ. ಈ ಪದ ಹೆಚ್ಚಾಗಿ ಅಂಟಿಕೊಳ್ಳುವುದು ಪ್ರಮಾಣ, ಸಮಯ, ವಿಳಂಬದಂಥ ನಾಮಪದಗಳಿಗೆ: ‘ಆ್ಯನ್ ಇನಾರ್ಡಿನೇಟ್ ಅಮೌಂಟ್ ಆಫ್ ಟೈಮ್’, ‘ಇನಾರ್ಡಿನೇಟ್ ಡಿಲೇ’. ಎರಡನೆಯದು ನಮ್ಮ ಕೋರ್ಟ್ ಆದೇಶಗಳಲ್ಲಿ ಧಾರಾಳವಾಗಿ ಸಿಗುತ್ತದೆ, ಅಲ್ವಾ! ಸುಮ್ನೆ ‘ಜಾಸ್ತಿ’ ಅನ್ನುವುದಲ್ಲ, ಮಿತಿ ಮೀರಿದೆ ಎಂಬ ಆಕ್ಷೇಪ ಇದರೊಳಗಿರುತ್ತದೆ. ಹಾಗಾಗಿ ‘ಥಾಯ್ ಹಾವೊ ಲ’ (ತುಂಬಾ ಚೆನ್ನಾಗಿದೆ) ಥರದ ಹೊಗಳಿಕೆಗೆ ಇದು ಒಗ್ಗುವುದಿಲ್ಲ. ಗೆಳೆಯರ ಹರಟೆಗೆ ‘ಟೂ ಮಚ್’ ಸಾಕು. ‘ಇನಾರ್ಡಿನೇಟ್’ ವರದಿ, ಅರ್ಜಿ, ಪ್ರಬಂಧಗಳಿಗಿರಲಿ.