ಮೊದಲು ಆಕೆಯನ್ನು ಒಬ್ಬಳನ್ನೇ ಕೂರಿಸಿ

ಪ್ರಶ್ನೆ: ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಸಾಂತ್ವನ ಕೇಂದ್ರದಲ್ಲಿ ಹೊಸ ಆಪ್ತಸಮಾಲೋಚಕಿ ನಾನು. ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಮಾತಾಡಿಸಿದೆ. ಆಕೆ ಬಾಯೇ ಬಿಡಲಿಲ್ಲ. ತರಬೇತಿಯಲ್ಲಿ ಮುಖ್ಯವಾಗಿ ಏನು ಕಲಿಯಬೇಕು ಮೇಡಂ?

ಉತ್ತರ: ಶುರುವಿನಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ ಕಣಮ್ಮ. ಒಬ್ಬಾಕೆ ಬಂದಿದ್ದಳು, ಗಂಡ ಪಕ್ಕದಲ್ಲೇ ಇದ್ದ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ‘ಏನಿಲ್ಲ ಮೇಡಂ’ ಅಂದಳು. ಮರುವಾರ ತುಟಿಗೆ ಹೊಲಿಗೆ ಹಾಕಿಸಿಕೊಂಡು ಒಬ್ಬಳೇ ಬಂದಳು. ಆ ಮುಖ ಇವತ್ತಿಗೂ ಮರೆತಿಲ್ಲ.

ಬಾಗಿಲು ಹಾಕಿ, ಆಕೆಯೊಬ್ಬಳನ್ನೇ ಕೇಳಿ: ‘ಇವತ್ತು ರಾತ್ರಿ ಎಲ್ಲಿ ಮಲಗ್ತೀರಿ? ಯಾವತ್ತಾದರೂ ಕುತ್ತಿಗೆ ಹಿಸುಕಿದ್ದಾನಾ?’ ಹಿಸುಕಿದ್ದರೆ ಗುರುತು ಕಾಣದಿದ್ದರೂ ಆಸ್ಪತ್ರೆಗೆ ಕಳಿಸಿ. ಜೀವಕ್ಕೇ ಅಪಾಯ ಅದು.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಕೌಟುಂಬಿಕ ಘಟನಾ ವರದಿ, ಅಂದರೆ ಆಕೆಗಾದ ಹಿಂಸೆಯ ಅಧಿಕೃತ ದಾಖಲೆ, ಬರೆಯುವುದನ್ನು ಸಂರಕ್ಷಣಾಧಿಕಾರಿ (ಈ ಕಾಯ್ದೆಯಡಿ ಮಹಿಳೆಯರ ನೆರವಿಗೆ ನೇಮಕವಾದ ಅಧಿಕಾರಿ) ಜೊತೆ ಕೂತು ಕಲಿಯಿರಿ. ಸುಮ್ನೆ ‘ಹೊಡೆದ’ ಅಂತ ಬೇಡ. ‘ಲಟ್ಟಣಿಗೆಯಿಂದ ಎಡಗೈಗೆ ಹೊಡೆದ’ ಅಂತ ಆಕೆಯ ಮಾತಲ್ಲೇ ಬರೆಯಿರಿ.