ನೀರಿನ ಲೆಕ್ಕ ಹಿಡಿಯುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು 24 ಮನೆಗಳ ಅಪಾರ್ಟ್‌ಮೆಂಟ್, ಸುಮಾರು 96 ಜನ ಇದ್ದೇವೆ. ನಗರದ ನೀರೂ ಇದೆ, ಬೋರ್‌ವೆಲ್ಲೂ ಇದೆ. ಆದರೂ ಮಾರ್ಚ್ ಬಂತೆಂದರೆ ಟ್ಯಾಂಕರ್ ತರಿಸಬೇಕು. ಮನೆಗಳಿಗೆ ಪ್ರತ್ಯೇಕ ಮೀಟರ್ ಇಲ್ಲ. ನೀರು ಎಲ್ಲಿ ಹೋಗುತ್ತಿದೆ ಎಂದು ತಿಳಿಯಲು ಯಾವುದಾದರೂ ಕಂಪನಿಯವರನ್ನು ಕರೆಸಲೇಬೇಕೇ?
– ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ವಿನೋಬನಗರ, ಶಿವಮೊಗ್ಗ

ಮೊದಲ ಹಂತಕ್ಕೆ ಬೇಡ. ಒಂದು ಟೇಪು, ಒಂದು ಟಾರ್ಚು, ಒಂದು ನೋಟ್‌ಬುಕ್ಕು, ನಾಲ್ಕೈದು ರಾತ್ರಿ ಸಾಕು.

ಸಂಪು ಮತ್ತು ಮೇಲಿನ ಟ್ಯಾಂಕಿನ ಒಳ ಉದ್ದ, ಅಗಲ ಅಳೆದುಕೊಳ್ಳಿ. ಸಂಪು 4 ಮೀಟರ್ ಉದ್ದ, 3 ಮೀಟರ್ ಅಗಲ ಇದ್ದರೆ ನೀರು 1 ಸೆಂಟಿಮೀಟರ್ ಇಳಿದಾಗ 120 ಲೀಟರ್ ಹೋಗಿದೆ ಎಂದರ್ಥ. ಮೇಲಿನ ಟ್ಯಾಂಕು 3ಕ್ಕೆ 2 ಮೀಟರ್ ಆದರೆ 1 ಸೆಂಟಿಮೀಟರಿಗೆ 60 ಲೀಟರ್. ಇನ್ನು ಮುಂದೆ ನಿಮ್ಮ ಟ್ಯಾಂಕೇ ನಿಮ್ಮ ಮೀಟರ್.

ರಾತ್ರಿ 1 ಗಂಟೆಗೆ ಮೇಲಿನ ಟ್ಯಾಂಕು ತುಂಬಿರಲಿ, ಪಂಪು ಬಂದ್ ಇರಲಿ. ಮಟ್ಟ ಗುರುತು ಮಾಡಿ, 4 ಗಂಟೆಗೆ ಮತ್ತೆ ನೋಡಿ. 7 ಸೆಂಟಿಮೀಟರ್ ಇಳಿದಿದ್ದರೆ ಮೂರು ತಾಸಿಗೆ 420 ಲೀಟರ್, ತಾಸಿಗೆ 140. ಆ ಹೊತ್ತಿನಲ್ಲಿ ಒಂದಿಬ್ಬರು ಎದ್ದು ಶೌಚಾಲಯಕ್ಕೆ ಹೋಗಿರಬಹುದು, ಅದಕ್ಕೆ ಹೆಚ್ಚೆಂದರೆ 50 ಲೀಟರ್ ಕಳೆಯಿರಿ. ಉಳಿದದ್ದು ಸೋರಿಕೆ. ಟ್ಯಾಂಕಿನಿಂದ ಇಳಿದು ಬರುವ ನೀರಿನ ಒತ್ತಡ ಹಗಲೂ ರಾತ್ರಿಯೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಇದನ್ನು 24ರಿಂದ ಗುಣಿಸಬಹುದು: ದಿನಕ್ಕೆ ಸುಮಾರು 3,000 ಲೀಟರ್. (ಬೀದಿಯ ಪೈಪಿಗೆ ಈ ಲೆಕ್ಕ ಹಾಕಬಾರದು. ಅಲ್ಲಿ ರಾತ್ರಿ ಬಳಕೆ ಇಳಿದು ಒತ್ತಡ ಏರುವುದರಿಂದ ಸೋರಿಕೆಯೂ ಹಗಲಿಗಿಂತ ಹೆಚ್ಚಿರುತ್ತದೆ.) ಒಳಚರಂಡಿ ಇರುವ ನಗರಗಳಿಗೆ ಕೇಂದ್ರ ಸರ್ಕಾರದ ಕೈಪಿಡಿ ಇಟ್ಟಿರುವ ಅಳತೆ ತಲೆಗೆ ದಿನಕ್ಕೆ 135 ಲೀಟರ್. 96 ಜನಕ್ಕೆ 12,960 ಲೀಟರ್ ಆಯಿತು. ಅದರ ಕಾಲುಭಾಗಕ್ಕೆ ಹತ್ತಿರದಷ್ಟು ನೀರು ಯಾರೂ ಮುಟ್ಟದೆ ಚರಂಡಿ ಸೇರುತ್ತಿದೆ ಎಂದಾಯಿತು.

ಎರಡನೇ ರಾತ್ರಿ ಟ್ಯಾಂಕಿನಿಂದ ಇಳಿಯುವ ಎಲ್ಲ ಪೈಪುಗಳ ವಾಲ್ವು ಮುಚ್ಚಿ ಇದೇ ಅಳತೆ ಮಾಡಿ. ಆಗಲೂ ಇಳಿದರೆ ಟ್ಯಾಂಕೇ ಸೋರುತ್ತಿದೆ. ಇಳಿಯದಿದ್ದರೆ ಮುಂದಿನ ರಾತ್ರಿಗಳಲ್ಲಿ ಒಂದೊಂದೇ ವಾಲ್ವು ತೆರೆದು ನೋಡಿ, ಯಾವ ಸಾಲಿನ ಮನೆಗಳಲ್ಲಿ ತಪ್ಪಿದೆ ಎಂದು ತಿಳಿಯುತ್ತದೆ. ಈ ಪರೀಕ್ಷೆ ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಹಳೆಯ ಗೇಟ್ ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿದ ಮೇಲೆ ಕೆಳಗಿನ ನಲ್ಲಿ ತೆರೆದು, ಪೈಪಿನಲ್ಲಿ ಉಳಿದ ನೀರು ಖಾಲಿಯಾದ ನಂತರ ಧಾರೆ ನಿಲ್ಲುತ್ತದೆಯೇ ನೋಡಿಕೊಳ್ಳಿ. ನಿಲ್ಲದಿದ್ದರೆ ಮೊದಲು ವಾಲ್ವು ಬದಲಿಸಿ.

ಸಾಲು ಗೊತ್ತಾದ ಮೇಲೆ ಆ ಮನೆಗಳ ಫ್ಲಶ್ ಟ್ಯಾಂಕುಗಳಿಂದ ಶುರುಮಾಡಿ. ತೊಟ್ಟಿಕ್ಕುವ ನಲ್ಲಿ ಕಣ್ಣಿಗೆ ಬೀಳುತ್ತದೆ, ಸದ್ದೂ ಮಾಡುತ್ತದೆ, ಆದರೆ ಅದರಿಂದ ಹೋಗುವುದು ದಿನಕ್ಕೆ ಒಂದೆರಡು ಬಕೆಟ್. ಕಮೋಡಿನ ಹಿಂಬದಿಯಲ್ಲಿ ಸದ್ದಿಲ್ಲದೆ ಜಾರುವ ನೀರು ಒಂದೇ ಮನೆಯಿಂದ ನೂರಾರು ಲೀಟರ್ ಕೊಂಡೊಯ್ಯಬಲ್ಲದು. ಬಟ್ಟೆಗೆ ಹಾಕುವ ನೀಲಿಯನ್ನು ಹತ್ತು ಹನಿ ಫ್ಲಶ್ ಟ್ಯಾಂಕಿಗೆ ಹಾಕಿ, 20 ನಿಮಿಷ ಯಾರೂ ಫ್ಲಶ್ ಮಾಡಬಾರದು. ಕಮೋಡಿನಲ್ಲಿ ನೀಲಿ ಕಂಡರೆ ಎರಡರಲ್ಲೊಂದು: ತಳದ ರಬ್ಬರ್ ವಾಷರ್ ಗಟ್ಟಿಯಾಗಿ ಕೂರುತ್ತಿಲ್ಲ, ಅಥವಾ ಫ್ಲೋಟ್ ಎತ್ತರಕ್ಕಿದ್ದು ನೀರು ಓವರ್‌ಫ್ಲೋ ಕೊಳವೆಯೊಳಗೆ ಇಳಿಯುತ್ತಿದೆ. ಮೊದಲನೆಯದಕ್ಕೆ ಹೊಸ ವಾಷರ್ ಹಾಕಿಸಿ. ಎರಡನೆಯದಕ್ಕೆ ನೀರಿನ ಮಟ್ಟ ಕೊಳವೆಯ ಬಾಯಿಗಿಂತ ಎರಡು ಸೆಂಟಿಮೀಟರ್ ಕೆಳಗೆ ನಿಲ್ಲುವಂತೆ ಫ್ಲೋಟ್ ತಗ್ಗಿಸಿ.

ಸಂಪಿನ ಪರೀಕ್ಷೆಯನ್ನು ಮಾತ್ರ ಬೇಸಿಗೆಗೆ ಇಟ್ಟುಕೊಳ್ಳಿ. ಒಳಹರಿವು ಮುಚ್ಚಿ, ಪಂಪು ನಿಲ್ಲಿಸಿ, ಆರು ತಾಸು ಬಿಟ್ಟು ಅಳೆಯಬೇಕು. ನಮ್ಮ ಮಲೆನಾಡಿನಲ್ಲಿ ಆಷಾಢ, ಶ್ರಾವಣದ ಹೊತ್ತಿಗೆ ನೆಲದ ನೀರು ಎಷ್ಟೋ ಕಡೆ ಸಂಪಿನ ತಳಕ್ಕಿಂತ ಮೇಲೆ ನಿಂತಿರುತ್ತದೆ. ಆಗ ಬಿರುಕು ಬಿಟ್ಟ ಸಂಪಿನಿಂದ ನೀರು ಹೊರಹೋಗುವ ಬದಲು ಹೊರಗಿನದು ಒಳಗೆ ಬರುತ್ತದೆ, ಲೆಕ್ಕದಲ್ಲಿ ಸೋರಿಕೆ ಕಾಣುವುದೇ ಇಲ್ಲ. ಮಳೆಗಾಲದಲ್ಲಿ ಪಂಪು ನಿಲ್ಲಿಸಿದಾಗ ಸಂಪಿನ ಮಟ್ಟ ತಾನಾಗಿ ಏರಿದರೆ ಅದನ್ನು ಲಾಭ ಎಂದುಕೊಳ್ಳಬೇಡಿ. ಪಕ್ಕದಲ್ಲಿ ಒಳಚರಂಡಿ ಪೈಪು ಹಾದಿದ್ದರೆ ಅದರ ನೀರೂ ಸೇರಬಹುದು. ಆ ನೀರನ್ನು ಕುಡಿಯಲು ಬಳಸದೆ ಸಂಪು ಖಾಲಿಮಾಡಿ ಬಿರುಕು ಮುಚ್ಚಿಸಿ.

ಇನ್ನೊಂದು: ಮೇಲಿನ ಟ್ಯಾಂಕಿನ ಓವರ್‌ಫ್ಲೋ ಪೈಪು ಚರಂಡಿಯೊಳಗೆ ಇಳಿದಿದ್ದರೆ ಕತ್ತರಿಸಿ, ಎಲ್ಲರೂ ಓಡಾಡುವ ಜಾಗದಲ್ಲಿ ಬೀಳುವಂತೆ ಮಾಡಿ. ಟ್ಯಾಂಕು ತುಂಬಿ ಹರಿಯುತ್ತಿದ್ದರೆ ಆಗ ಎಲ್ಲರ ಕಣ್ಣಿಗೂ ಬೀಳುತ್ತದೆ.

ಪ್ರಶ್ನೆ: ಮನೆಗೆ ಮೀಟರ್ ಹಾಕಿದ ಮೇಲೆ ಬಿಲ್ ಏರಿದೆ. ಗಾಳಿಗೂ ಮೀಟರ್ ತಿರುಗುತ್ತದಂತೆ, ಹೌದೇ?
– ಗೃಹಿಣಿ, ಗೋಪಾಳ, ಶಿವಮೊಗ್ಗ

ಹೌದು. ನೀರು ಬಿಟ್ಟುಬಿಟ್ಟು ಬರುವ ಬೀದಿಗಳಲ್ಲಿ ಖಾಲಿ ಪೈಪಿನ ಗಾಳಿ ಮೊದಲ ಕೆಲವು ನಿಮಿಷ ಮೀಟರ್ ತಿರುಗಿಸುತ್ತದೆ. ಆದರೆ ಬಿಲ್ ಏರಿದ್ದಕ್ಕೆ ಅದೊಂದೇ ಕಾರಣ ಎನ್ನುವ ಮೊದಲು ಎರಡು ಪರೀಕ್ಷೆ ಮಾಡಿ. ನೀರು ಬರುತ್ತಿರುವಾಗ ಮೀಟರಿನ ನಂತರದ ಎಲ್ಲ ನಲ್ಲಿ ಮುಚ್ಚಿ ಡಯಲಿನ ಪುಟ್ಟ ಚಕ್ರ ನೋಡಿ. ತಿರುಗುತ್ತಿದ್ದರೆ ಮನೆಯೊಳಗೇ ಸೋರಿಕೆ ಇದೆ. ನಿಂತಿದ್ದರೆ, ಗುರುತು ಹಾಕಿದ 20 ಲೀಟರ್ ಬಕೆಟ್ಟನ್ನು ಐದು ಸಲ ತುಂಬಿಸಿ. ಮೀಟರ್ 95ರಿಂದ 105 ಲೀಟರ್ ತೋರಿಸಿದರೆ, ಬಕೆಟ್ ಅಳತೆಯ ತಪ್ಪನ್ನೂ ಸೇರಿಸಿ, ಅದು ಸರಿಯಾಗಿದೆ. ಮೀಟರ್ ಮಟ್ಟಸವಾಗಿ, ಡಯಲ್ ಮೇಲ್ಮುಖವಾಗಿ, ಪೈಪು ಸದಾ ತುಂಬಿರುವ ಕಡೆ ಕೂತಿದೆಯೇ ಎಂಬುದನ್ನೂ ನೋಡಿ.

ಪ್ರಶ್ನೆ: ಕುಚ್ಚಲಕ್ಕಿ ಗಿರಣಿ ನಡೆಸುತ್ತೇವೆ, ದಿನಕ್ಕೆ 20 ಟನ್ ಭತ್ತ. ನೀರಿನ ಲೆಕ್ಕಪರಿಶೋಧನೆ ಮಾಡಿಸಿದೆವು. ವರದಿಯಲ್ಲಿ ಬೋರ್‌ವೆಲ್ ಪಂಪಿನ ಫಲಕದ ಮೇಲಿನ ಸಂಖ್ಯೆಯನ್ನೇ ತಾಸುಗಳಿಂದ ಗುಣಿಸಿ ಕೊಟ್ಟಿದ್ದಾರೆ. ಇದನ್ನು ನಂಬಬಹುದೇ?
– ಗಿರಣಿ ಮಾಲೀಕರು, ಶಿಕಾರಿಪುರ

ನಂಬಬಾರದು. ಫಲಕದ ಸಂಖ್ಯೆ ಹೊಸ ಪಂಪಿನದು, ನಿರ್ದಿಷ್ಟ ಎತ್ತರಕ್ಕೆ ಸಂಬಂಧಿಸಿದ್ದು. ಬೋರಿನ ನೀರು ಕೆಳಗಿಳಿದಂತೆ ಪಂಪು ಕೊಡುವುದು ಕಡಿಮೆಯಾಗುತ್ತದೆ. ಬೋರ್‌ವೆಲ್ ಬಾಯಿ, ನೆನೆಸುವ ತೊಟ್ಟಿಗೆ ಹೋಗುವ ಪೈಪು, ಬಾಯ್ಲರಿಗೆ ತುಂಬುವ ನೀರು (ಫೀಡ್), ಹೊರಹೋಗುವ ಕಾಲುವೆ: ಈ ನಾಲ್ಕು ಕಡೆ ಅಳತೆ ಇಲ್ಲದ ವರದಿ ಲೆಕ್ಕಪರಿಶೋಧನೆ ಎನಿಸಿಕೊಳ್ಳುವುದಿಲ್ಲ. ಬೋರಿನ ನೀರಿನಲ್ಲಿ ಮರಳು ಬರುವುದರಿಂದ ಮೀಟರಿಗೆ ನೀರು ಬರುವ ಬದಿಯಲ್ಲಿ ಜಾಲರಿ ಹಾಕಿಸಿ, ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಿರಿ.

ಭತ್ತವೇ ನಿಮಗೊಂದು ತಾಳೆ ಕೊಡುತ್ತದೆ. ಶೇ 13 ತೇವದ ಒಂದು ಟನ್ ಭತ್ತ ನೆನೆದು ಶೇ 30ಕ್ಕೆ ಬಂದರೆ ಅದು ಹೀರಿದ್ದು ಸುಮಾರು 243 ಲೀಟರ್. ಟನ್ನಿಗೆ 1,200 ಲೀಟರ್ ಹಾಕುತ್ತಿದ್ದರೆ ಉಳಿದ 950ರಷ್ಟು ಹೊರಬರಲೇಬೇಕು. 20 ಟನ್ನಿಗೆ ದಿನಕ್ಕೆ 19,000 ಲೀಟರ್. ಕಾಲುವೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಕಂಡರೆ ತೊಟ್ಟಿ ತುಂಬಿ ಹೊರಚೆಲ್ಲುತ್ತಿದೆ, ಅಥವಾ ತೊಳೆಯುವ ಪೈಪು ತೆರೆದೇ ಇರುತ್ತದೆ. ಬಹಳ ಕಡಿಮೆ ಕಂಡರೆ ನೆನೆಸಿದ ನೀರು ನೆಲಕ್ಕೆ ಇಂಗುತ್ತಿದೆ, ನಿಮ್ಮ ಬೋರ್‌ವೆಲ್ಲಿಗೇ ಅಪಾಯ. ಈ ನೀರನ್ನು ಮತ್ತೆ ಮತ್ತೆ ನೆನೆಸಲು ಬಳಸಬೇಡಿ: ಹುಳಿತು ಅಕ್ಕಿಗೆ ವಾಸನೆ, ಬಣ್ಣ ಬರುತ್ತದೆ. ಕೊನೆಯ ಬಾರಿ ತೊಳೆದ ನೀರನ್ನು ಮುಂದಿನ ಬ್ಯಾಚಿನ ಮೊದಲ ತೊಳೆತಕ್ಕೆ ಬಳಸಬಹುದು.

ಬಾಯ್ಲರಿನಲ್ಲಿ ಎರಡು ಜಾಗ ನೋಡಿ. ಭತ್ತಕ್ಕೆ ನೇರ ಬಿಡುವ ಹಬೆ ವಾಪಸ್ ಬರುವುದಿಲ್ಲ, ಆದರೆ ಡ್ರೈಯರಿನ ಕೊಳವೆಗಳಲ್ಲಿ ತಣಿದ ಹಬೆಯ ನೀರು ಬಿಸಿಯಾಗಿಯೂ ಶುದ್ಧವಾಗಿಯೂ ಇರುತ್ತದೆ. ಅದನ್ನು ಫೀಡ್ ಟ್ಯಾಂಕಿಗೆ ತಂದರೆ ನೀರಿನ ಜೊತೆ ಹೊಟ್ಟಿನ ಉರುವಲೂ ಉಳಿಯುತ್ತದೆ. ಇನ್ನೊಂದು ಬ್ಲೋಡೌನ್, ಅಂದರೆ ಲವಣ ಹೆಚ್ಚಾದ ಬಾಯ್ಲರ್ ನೀರನ್ನು ಆಗಾಗ ಹೊರಬಿಡುವುದು. ಗಡಿಯಾರ ನೋಡಿ ವಾಲ್ವು ತೆರೆಯುವ ಅಭ್ಯಾಸ ಬಿಡಿಸಿ, ಟಿಡಿಎಸ್ (ಒಂದು ಲೀಟರ್ ನೀರಿನಲ್ಲಿ ಕರಗಿದ ಲವಣ, ಮಿಲಿಗ್ರಾಂ ಲೆಕ್ಕದಲ್ಲಿ) ನೋಡಿ ತೆರೆಯಿಸಿ. ಫೀಡ್ ನೀರಿನ ಟಿಡಿಎಸ್ 150, ಬಾಯ್ಲರ್ ತಯಾರಕರು ಹೇಳಿದ ಮಿತಿ 3,500 ಎಂದುಕೊಳ್ಳಿ. 150ನ್ನು 3,350ರಿಂದ ಭಾಗಿಸಿದರೆ ಬರುವುದು ಶೇ 4.5. ಹಬೆಯಾಗುವ ನೀರಿನ ಅಷ್ಟು ಪಾಲು ಬಿಟ್ಟರೆ ಸಾಕು.

ಪ್ರಶ್ನೆ: ನಮ್ಮ ಹೋಂಸ್ಟೇಗೆ ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ತಾನಾಗಿ ಬರುತ್ತದೆ, ದಿನವಿಡೀ ಟ್ಯಾಂಕು ತುಂಬಿ ಹರಿಯುತ್ತದೆ. ಇಷ್ಟು ಮಳೆ ಬೀಳುವ ಊರಿನಲ್ಲಿ ಲೆಕ್ಕ ಬೇಕೇ? ವಾಲ್ವು ಹಾಕಿ ನಿಲ್ಲಿಸಬೇಕೇ?
– ಆಗುಂಬೆ ಹೋಬಳಿಯ ಓದುಗರು

ಲೆಕ್ಕ ಬೇಕು, ಆದರೆ ಏಪ್ರಿಲ್ ಕೊನೆಯದು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆ ಆಗ ನಿಮ್ಮ ಟ್ಯಾಂಕಿನಲ್ಲಿ ಇರುವುದಿಲ್ಲ. 20 ಲೀಟರ್ ಬಕೆಟ್ ತುಂಬಲು 40 ಸೆಕೆಂಡ್ ಹಿಡಿದರೆ ದಿನಕ್ಕೆ 43,200 ಲೀಟರ್ ಬರುತ್ತಿದೆ. 12 ಅತಿಥಿಗಳಿಗೆ ತಲಾ 180, ಮನೆಯ ಐವರಿಗೆ ತಲಾ 135 ಲೀಟರ್ ಎಂದರೂ 2,835 ಲೀಟರ್, ಅಂದರೆ ಹದಿನೈದರಲ್ಲಿ ಒಂದು ಪಾಲು. ಉಳಿದದ್ದು ಶುದ್ಧವಾಗಿಯೇ ಹಳ್ಳಕ್ಕೆ ಮರಳಿದರೆ ಅದು ಪೋಲಲ್ಲ. ಅಂಗಳದಲ್ಲಿ ಹರಿದು ಕೊಳೆತರೆ, ಕೆಳಗಿನ ತೋಟದವರಿಗೆ ತಲುಪದಿದ್ದರೆ ಮಾತ್ರ ಪೋಲು.

ನಿಲ್ಲಿಸುವುದಾದರೆ ಕೆಳಗಿನ ತುದಿಯಲ್ಲಿ ವಾಲ್ವು ಹಾಕುವ ಮೊದಲು ಎತ್ತರ ಅಳೆಯಿರಿ. ಹರಿಯುವಾಗ ಪೈಪಿನಲ್ಲಿ ಒತ್ತಡ ಕಡಿಮೆ. ನಿಲ್ಲಿಸಿದೊಡನೆ ಪ್ರತಿ 10 ಮೀಟರ್ ಎತ್ತರಕ್ಕೆ ಒಂದು ಕೆ.ಜಿ. (ಚದರ ಸೆಂಟಿಮೀಟರಿಗೆ) ಒತ್ತಡ ಏರುತ್ತದೆ. 60 ಮೀಟರ್ ಎತ್ತರದಿಂದ ಇಳಿದ ಕೊನೆಯಲ್ಲಿ 6 ಕೆ.ಜಿ. ಆಗುವುದರಿಂದ 4 ಕೆ.ಜಿ. ಒತ್ತಡದ ಪೈಪು ತಡೆಯದು, ರಾತ್ರಿ ಒಡೆದು ಇದ್ದ ನೀರೂ ಹೋಗುತ್ತದೆ. ನಡುವೆ 30 ಮೀಟರ್ ಎತ್ತರಕ್ಕೊಂದು ಸಣ್ಣ ತೊಟ್ಟಿ ಕಟ್ಟಿ ಫ್ಲೋಟ್ ವಾಲ್ವು ಹಾಕಿ. ಕೆಳಗೆ ತುಂಬಿದಾಗ ತೊಟ್ಟಿಗಳು ಸಾಲಾಗಿ ಮುಚ್ಚಿಕೊಂಡು, ಹೆಚ್ಚುವರಿ ನೀರು ಅಬ್ಬಿಯ ಬಾಯಲ್ಲೇ ಹಳ್ಳದಲ್ಲಿ ಉಳಿಯುತ್ತದೆ. ಪೈಪು ದಿಬ್ಬ ಹತ್ತಿ ಇಳಿಯುವ ಕಡೆ ಗಾಳಿ ಸಿಕ್ಕಿಕೊಂಡು ಹರಿವು ನಿಲ್ಲುತ್ತದೆ, ಅಲ್ಲಿ ಏರ್ ವಾಲ್ವು ಬೇಕು.

ಪ್ರಶ್ನೆ: ಮನೆಯ ಆರ್‌ಒ ಯಂತ್ರ ಹೊರಬಿಡುವ ನೀರು ಬಹಳ. ಏನು ಮಾಡಲಿ?
– ಓದುಗರು, ತೀರ್ಥಹಳ್ಳಿ

ಮೊದಲು ಒಳಬರುವ ನೀರಿನ ಟಿಡಿಎಸ್ ಅಳೆಯಿಸಿ. 'ಗಂಗಾ ಸ್ನಾನ, ತುಂಗಾ ಪಾನ' ಎಂದ ಹೊಳೆಯ ನೀರಿನಲ್ಲಿ ಲವಣ ಬಹಳ ಕಡಿಮೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ 500ಕ್ಕಿಂತ ಟಿಡಿಎಸ್ ಕೆಳಗಿದ್ದು, ಲ್ಯಾಬ್ ಪರೀಕ್ಷೆಯಲ್ಲಿ ಬೇರೆ ದೋಷ ಕಾಣದಿದ್ದರೆ ಆರ್‌ಒ ಬೇಡ. ರೋಗಾಣುಗಳಿಗೆ ಸೋಸಿ ಕುದಿಸುವುದು ಅಥವಾ ಯುವಿ ಸಾಕು. ಬೋರ್‌ವೆಲ್ ನೀರಾಗಿದ್ದು ಬಕೆಟ್ಟಿನಲ್ಲಿ ಕೆಂಗಂದು ಕಲೆ ಕೂರುತ್ತಿದ್ದರೆ ಅದು ಕಬ್ಬಿಣ. ಅದು ಆರ್‌ಒ ಪೊರೆಯನ್ನು ಕಟ್ಟಿಸಿ ಹೊರಬಿಡುವ ನೀರನ್ನು ಇನ್ನೂ ಹೆಚ್ಚಿಸುತ್ತದೆ. ಅಂಥ ನೀರನ್ನು ಶವರಿನಂತೆ ಗಾಳಿಗೆ ಚಿಮುಕಿಸಿ, ನಿಲ್ಲಿಸಿ, ಮರಳಿನಲ್ಲಿ ಸೋಸಿದ ನಂತರ ಬಳಸಿ.