ಬ್ರೇಕ್ ಪೈಪಿನ ನಟ್ ಬಿಡದಿದ್ದರೆ ಪೈಪಿನ ಆಸೆ ಬಿಡಿ

ಪ್ರಶ್ನೆ: ನನ್ನ ಬಳಿ 1998ರ ಮಾರುತಿ 800 ಕಾರಿದೆ. ಹಿಂದಿನ ಎಡಗಡೆಯ ವ್ಹೀಲ್ ಸಿಲಿಂಡರ್ (ಆಯಿಲಿನ ಒತ್ತಡದಿಂದ ಗಾಲಿಯ ಬ್ರೇಕನ್ನು ಒತ್ತುವ ಭಾಗ) ಸೋರುತ್ತಿದೆ. ಹೊಸದನ್ನು ತಂದಿದ್ದೇನೆ, ಆದರೆ ಅದಕ್ಕೆ ಬಂದು ಸೇರುವ ಬ್ರೇಕ್ ಪೈಪಿನ ನಟ್ ಜಂಗು ಹಿಡಿದು ಬಿಗಿದುಕೊಂಡಿದೆ. ಹತ್ತು ನಂಬರಿನ ಪಾನಾ ಹಾಕಿದರೆ ಮೂಲೆಗಳು ಸವೆದು ಜಾರುತ್ತಿದೆ. ಗ್ಯಾಸ್ ಹಚ್ಚಿ ಕಾಯಿಸಿದರೆ ಬಿಡುತ್ತದೆ ಎಂದು ಗ್ಯಾರೇಜಿನವರು ಹೇಳುತ್ತಾರೆ. ಕಾಯಿಸಬಹುದೇ?
– ಓದುಗರು, ನರಗುಂದ

ಉತ್ತರ: ದಯವಿಟ್ಟು ಕಾಯಿಸಲು ಬಿಡಬೇಡಿ. ಬ್ರೇಕ್ ಆಯಿಲ್ ಬೆಂಕಿ ಹಿಡಿಯುವ ದ್ರವ. ಸೋರುತ್ತಿರುವ ಸಿಲಿಂಡರಿನ ಸುತ್ತ ಅದು ಈಗಾಗಲೇ ಹರಡಿರುತ್ತದೆ, ನಿಮ್ಮ ಕಾರಿನ ಪೆಟ್ರೋಲ್ ಟ್ಯಾಂಕ್ ಕೂಡ ಹಿಂಭಾಗದಲ್ಲೇ ಇದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಪರಿಸ್ಥಿತಿಯಲ್ಲಿ ಆ ನಟ್ಟನ್ನು ಬಿಚ್ಚುವ ಅಗತ್ಯವೇ ಇಲ್ಲ. ಸಿಲಿಂಡರನ್ನು ಹೇಗೂ ಎಸೆಯುತ್ತೀರಿ. ನಟ್ಟಿಗೆ ತಾಗಿದಂತೆ ಪೈಪನ್ನು ಕತ್ತರಿಸಿ, ಡ್ರಮ್ ಮತ್ತು ಲೈನರುಗಳನ್ನು ತೆಗೆದು, ಹಿಂಬದಿಯ ತಟ್ಟೆಯಲ್ಲಿರುವ ಸಿಲಿಂಡರಿನ ಬೋಲ್ಟ್‌ಗಳನ್ನು ಬಿಚ್ಚಿದರೆ ಜಂಗು ಹಿಡಿದ ನಟ್ ಸಿಲಿಂಡರಿನ ಜೊತೆಗೇ ಹೊರಬರುತ್ತದೆ. ಕತ್ತರಿಸುವ ಮೊದಲು ಬ್ರೇಕ್ ಪೆಡಲನ್ನು ಒಂದಿಂಚಿನಷ್ಟು ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಒಂದು ಕಟ್ಟಿಗೆ ತುಂಡನ್ನು ಆನಿಸಿಡಿ. ಆಗ ಪೆಡಲ್ ಒತ್ತಿದಾಗ ಆಯಿಲನ್ನು ಪೈಪುಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನೊಳಗಿನ ರಂಧ್ರ ಮುಚ್ಚಿಕೊಂಡು ಡಬ್ಬಿಯ ಆಯಿಲೆಲ್ಲ ಸುರಿದು ಹೋಗುವುದು ತಪ್ಪುತ್ತದೆ.

ಕತ್ತರಿಸಿದ ಪೈಪನ್ನು ಪೂರ್ತಿ ಬದಲಿಸಲೇಬೇಕು, ಹಾಗಾಗಿ ನಿಜವಾದ ಕೆಲಸವಿರುವುದು ಅದೇ ಪೈಪಿನ ಇನ್ನೊಂದು ತುದಿಯಲ್ಲಿ. ಅಲ್ಲಿ ನಟ್ ಕೂತಿರುವ ಭಾಗವನ್ನು ಉಳಿಸಿಕೊಳ್ಳಬೇಕಾಗಿರುವುದರಿಂದ ಅವಸರ ಮಾಡುವಂತಿಲ್ಲ. ನರಗುಂದ, ನವಲಗುಂದ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಕಾರಿನ ಅಡಿಗೆ ಮೆತ್ತಿಕೊಂಡರೆ ಸುಲಭಕ್ಕೆ ಉದುರುವುದಿಲ್ಲ, ತೇವವನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಮೊದಲು ತಂತಿ ಬ್ರಷ್ಷಿನಿಂದ ನಟ್ಟನ್ನೂ, ಪೈಪು ನಟ್ಟಿನೊಳಗೆ ಹೋಗುವ ಜಾಗವನ್ನೂ ಲೋಹ ಕಾಣುವವರೆಗೆ ಉಜ್ಜಿ. ಜಂಗು ಸಡಿಲಿಸುವ ಸ್ಪ್ರೇಯನ್ನು ಎರಡೂ ಕಡೆ ಹೊಡೆದು, ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮತ್ತೊಮ್ಮೆ ಹೊಡೆಯಿರಿ.

ಇನ್ನು ಪಾನಾದ ವಿಷಯ. ಸಾಮಾನ್ಯ ಬಾಯಿತೆರೆದ ಪಾನಾ ನಟ್ಟಿನ ಎರಡು ಮುಖಗಳನ್ನು ಮಾತ್ರ ಹಿಡಿಯುವುದರಿಂದ ಮೆತ್ತಗಿನ ನಟ್ಟಿನ ಮೂಲೆಗಳು ಹಾಗೆಯೇ ಕಿತ್ತುಹೋಗುತ್ತವೆ. ಇದಕ್ಕೆಂದೇ ಫ್ಲೇರ್ ನಟ್ ಪಾನಾ ಸಿಗುತ್ತದೆ. ರಿಂಗ್ ಪಾನಾದಂತೆಯೇ ಇದ್ದು, ಪೈಪು ತೂರುವಷ್ಟು ಮಾತ್ರ ಬಾಯಿ ಇರುವ ಇದು ಹೆಚ್ಚುಕಡಿಮೆ ನಟ್ಟಿನ ಸುತ್ತಲೂ ಹಿಡಿಯುತ್ತದೆ. ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ಒತ್ತಿ, ಆಮೇಲೆ ಬಿಚ್ಚುವ ದಿಕ್ಕಿಗೆ ಎಳೆಯಿರಿ. ಆ ತುದಿ ರಬ್ಬರ್ ಹೋಸಿಗೆ ಸೇರಿದ್ದರೆ, ಹೋಸಿನ ತುದಿಯನ್ನು ಇನ್ನೊಂದು ಪಾನಾದಿಂದ ಹಿಡಿದುಕೊಳ್ಳದೆ ತಿರುಗಿಸಬಾರದು. ಹೋಸ್ ಒಳಗೊಳಗೇ ತಿರುಚಿಕೊಳ್ಳುತ್ತದೆ.

ನಟ್ಟಿನ ಜೊತೆ ಪೈಪೂ ತಿರುಗತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಜಂಗು ಎರಡನ್ನೂ ಒಂದಾಗಿಸಿದೆ ಎಂದರ್ಥ. ಆಗ ಪೈಪನ್ನು ನಟ್ಟಿನ ತಲೆಗೆ ಸಮನಾಗಿ ಕತ್ತರಿಸಿ, ಆರು ಮೂಲೆಯ ಹತ್ತು ನಂಬರಿನ ಸಾಕೆಟ್ಟನ್ನು ನೇರವಾಗಿ ಕೂರಿಸಿದರೆ ಹೆಚ್ಚಿನ ನಟ್‌ಗಳು ಬಿಟ್ಟುಕೊಡುತ್ತವೆ. ಮೂಲೆಗಳು ಮೊದಲೇ ಸವೆದಿದ್ದರೆ 3/8 ಇಂಚಿನ ಸಾಕೆಟ್ಟನ್ನು ಸುತ್ತಿಗೆಯಿಂದ ತಟ್ಟಿ ಕೂರಿಸಿ. ಅದರ ಅಳತೆ ಸುಮಾರು 9.5 ಮಿಲಿಮೀಟರ್ ಇರುವುದರಿಂದ ಸವೆದ ನಟ್ಟನ್ನು ಕಚ್ಚಿ ಹಿಡಿಯುತ್ತದೆ. ಗ್ರಿಪ್ ಪ್ಲೈಯರ್ ಕೊನೆಯ ದಾರಿ. ಅದು ಒಮ್ಮೆ ಜಾರಿದರೆ ಹಿಡಿಯಲು ಏನೂ ಉಳಿಯುವುದಿಲ್ಲ.

ಕತ್ತರಿಸಿದ ಪೈಪಿಗೆ ರಬ್ಬರ್ ನಳಿಕೆ ಕಟ್ಟುವುದು, ಬ್ರೇಝಿಂಗ್ ಮಾಡಿಸುವುದು, ಫ್ರಿಜ್ಜಿನ ತಾಮ್ರದ ಪೈಪು ಹಾಕುವುದು, ಪೈಪನ್ನು ಮಡಿಚಿ ಬಡಿದು ಮೂರೇ ಗಾಲಿಯ ಬ್ರೇಕಿನಲ್ಲಿ ಕಾರು ಓಡಿಸುವುದು, ಇವು ಯಾವುವನ್ನೂ ಒಂದು ದಿನದ ಮಟ್ಟಿಗೂ ಒಪ್ಪಬೇಡಿ. ನಿಮ್ಮ ಟೈರಿನಲ್ಲಿರುವ ಗಾಳಿಯ ಒತ್ತಡ ಚದರ ಇಂಚಿಗೆ 30 ಪೌಂಡಿನ ಆಸುಪಾಸು. ಜೋರಾಗಿ ಬ್ರೇಕ್ ಒತ್ತಿದಾಗ ಈ ಪೈಪಿನೊಳಗಿನ ಒತ್ತಡ ಸಾವಿರ ಪೌಂಡನ್ನು ದಾಟಬಲ್ಲದು. ಅಳತೆಗೆ ತಕ್ಕ, ಎರಡು ತುದಿಗಳಲ್ಲೂ ಡಬಲ್ ಫ್ಲೇರ್ ಮಾಡಿದ (ತುದಿಯನ್ನು ಅಗಲಿಸಿ ಎರಡು ಪದರವಾಗಿ ಮಡಿಚಿದ) ಉಕ್ಕಿನ ಹೊಸ ಪೈಪನ್ನೇ ಹಾಕಿಸಿ. ಸಿದ್ಧ ಪೈಪು ಹುಬ್ಬಳ್ಳಿಯ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗದಿದ್ದರೆ ಹಳೆಯದನ್ನು ಮಾದರಿಗೆ ಕೊಟ್ಟು ಮಾಡಿಸಿಕೊಳ್ಳಬಹುದು. ಆದ್ದರಿಂದ ಬಿಚ್ಚಿದ ತುಂಡುಗಳನ್ನು ಎಸೆಯಬೇಡಿ.

ಜೋಡಿಸುವ ಮುನ್ನ ಸ್ಪ್ರೇಯ ಎಣ್ಣೆಯನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಡೀಸೆಲ್, ಚಿಮಣಿ ಎಣ್ಣೆಯಿಂದ ತೊಳೆಯುವ ರೂಢಿ ಇಲ್ಲಿ ಕೂಡದು. ಖನಿಜ ತೈಲ ಸ್ವಲ್ಪ ಒಳಸೇರಿದರೂ ಸಿಲಿಂಡರಿನ ರಬ್ಬರುಗಳು ಉಬ್ಬಿ ಕೆಡುತ್ತವೆ. ಹೊಸ ನಟ್ಟನ್ನು ಮೊದಲ ಕೆಲವು ಸುತ್ತು ಕೈಬೆರಳಿನಿಂದಲೇ ತಿರುಗಿಸಿ. ಪೈಪಿನೊಳಗೆ ಸೇರಿದ ಗಾಳಿಯನ್ನು (ಏರ್) ತೆಗೆಸಿದ ಮೇಲೆ ಎಂಜಿನ್ ಚಾಲೂ ಮಾಡಿ, ಒಬ್ಬರು ಪೆಡಲನ್ನು ಬಲವಾಗಿ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಎರಡೂ ಜೋಡಣೆಗಳನ್ನು ಒಣ ಕಾಗದದಿಂದ ಒತ್ತಿ ನೋಡಲಿ. ಬಲಗಡೆಯ ಪೈಪಿಗೂ ಇಷ್ಟೇ ವಯಸ್ಸಾಗಿದೆ. ಕಾರು ಮೇಲೆತ್ತಿರುವಾಗಲೇ ಅದರ ಮಣ್ಣು ಕೆರೆದು ನೋಡಿ. ಜಂಗಿನಿಂದ ಗುಳಿ ಬಿದ್ದಿದ್ದರೆ ಅದನ್ನೂ ಈಗಲೇ ಬದಲಿಸಿಬಿಡಿ.